ಬುಗ್ಗೆಯ ನೀರು ತೊರೆಯ ನೀರನ್ನು ಕೂಡುವಲ್ಲಿ ಕಾಣೆಯಾಗುವ ಗಂಧಕ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ನೀರೊರತೆ

ಎಲ್ಲರಿಗೂ ನಮಸ್ಕಾರ. ಕೆಲವು ತಿಂಗಳುಗಳಿಂದ ನಾನು ಒಂದು ಗಂಧಕದ ಬುಗ್ಗೆಯನ್ನು ಗಮನಿಸುತ್ತಿದ್ದೇನೆ. ಪದವಿ ತರಗತಿಯಲ್ಲಿ ಕಲಿತ ರಸಾಯನಶಾಸ್ತ್ರವನ್ನು ಬಿಟ್ಟರೆ ಈ ವಿಷಯದಲ್ಲಿ ನನಗೆ ಬೇರೆ ತರಬೇತಿಯಿಲ್ಲ. ಲೆಕ್ಕ ಹಾಕುತ್ತ ಹೋದಂತೆ ಒಂದು ಕಡೆ ಸಿಕ್ಕಿಕೊಂಡಿದ್ದೇನೆ, ಬಿಡಿಸಿಕೊಳ್ಳಲು ತಿಳಿದವರ ನೆರವು ಬೇಕಾಗಿದೆ.

ಮೊದಲು ಜಾಗದ ವಿವರ. ಮೊಣಕಾಲುದ್ದ ಆಳದ ಒಂದು ಸಣ್ಣ ಮಡುವಿನ ತಳದಿಂದ ಬುಗ್ಗೆ ಏಳುತ್ತದೆ. ಮಡುವಿನ ಒಂದು ಬದಿಯಲ್ಲಿ ಜಲ್ಲಿಗಲ್ಲಿನ ದಿಬ್ಬವಿದ್ದು, ಅದರ ಸಂದಿಗಳಿಂದ ಪಕ್ಕದ ತೊರೆಯ ನೀರು ಒಳಕ್ಕೆ ಜಿನುಗುತ್ತದೆ. ಎರಡೂ ನೀರು ಕೂಡಿ ಒಂದೇ ತೂಬಿನಂತಹ ಕಿಂಡಿಯಿಂದ ಹೊರಬಿದ್ದು, ಕಲ್ಲುಗಳ ಮೇಲೆ ಸುಮಾರು 50 ಮೀಟರ್ ಹರಿದು ದೊಡ್ಡ ತೊರೆಯನ್ನು ಸೇರುತ್ತದೆ. ಬುಗ್ಗೆಯ ಬಾಯಲ್ಲಿ ನೀರು ಗಾಜಿನಷ್ಟು ತಿಳಿಯಾಗಿದ್ದು ಕೊಳೆತ ಮೊಟ್ಟೆಯ ವಾಸನೆ ಗಾಢವಾಗಿರುತ್ತದೆ. ಮಡುವಿನ ಮಧ್ಯಕ್ಕೆ ಬರುವಷ್ಟರಲ್ಲಿ ಅದು ಹಾಲಿಗೆ ನೀರು ಬೆರೆಸಿದಂತೆ ನೀಲಿಮಿಶ್ರಿತ ಬಿಳಿಯಾಗುತ್ತದೆ. 50 ಮೀಟರ್ ದಾಟಿದ ಮೇಲೆ ಆ ಬಿಳುಪು ತೆಳುವಾಗಿ, ವಾಸನೆಯೂ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಕಿಂಡಿಯ ಕಲ್ಲುಗಳಿಗೆ ಹತ್ತಿಯ ಎಳೆಗಳಂತಹ ಬಿಳಿಯ ಪದಾರ್ಥ ಅಂಟಿಕೊಂಡಿದೆ, ಮಡುವಿನ ಅಂಚಿನಲ್ಲಿ ಕಪ್ಪು ಕೆಸರಿದೆ.

ಇನ್ನು ಅಳತೆಗಳು. ಬುಗ್ಗೆಯ ಬಾಯಲ್ಲಿ ಉಷ್ಣತೆ 31 ಡಿಗ್ರಿ ಸೆಲ್ಸಿಯಸ್, ಪಿಎಚ್ 6.9, ಆ ವಾಸನೆಗೆ ಮೂಲವಾದ ಸಲ್ಫೈಡ್ ಲೀಟರಿಗೆ 10 ಮಿಲಿಗ್ರಾಂ (ಗಂಧಕದ ತೂಕದಲ್ಲಿ), ಕ್ಲೋರೈಡ್ 180 ಮಿಲಿಗ್ರಾಂ, ಸಲ್ಫೇಟ್ (ಆಮ್ಲಜನಕದೊಡನೆ ಕೂಡಿದ ಗಂಧಕ) 120 ಮಿಲಿಗ್ರಾಂ. ಆಮ್ಲಜನಕ ಅಳತೆಗೆ ಸಿಗುವಷ್ಟಿಲ್ಲ. ಪಕ್ಕದ ತೊರೆಯಲ್ಲಿ ಕ್ಲೋರೈಡ್ 20, ಸಲ್ಫೇಟ್ 15, ಸಲ್ಫೈಡ್ ಇಲ್ಲ, ಆಮ್ಲಜನಕ 8ರ ಆಸುಪಾಸು. ಕಿಂಡಿಯಲ್ಲಿ ಕ್ಲೋರೈಡ್ 100 ಇದೆ, ಆದ್ದರಿಂದ ಎರಡೂ ನೀರು ಅಲ್ಲಿ ಸಮಪಾಲಾಗಿ ಬೆರೆತಿವೆ ಎಂದು ತೆಗೆದುಕೊಂಡಿದ್ದೇನೆ. ಬೆರಕೆಯೊಂದೇ ನಡೆದಿದ್ದರೆ ಕಿಂಡಿಯಲ್ಲಿ ಸಲ್ಫೈಡ್ 5, ಸಲ್ಫೇಟ್ 67.5 ಇರಬೇಕಿತ್ತು. ಸಿಕ್ಕಿದ್ದು ಸಲ್ಫೈಡ್ 2, ಸಲ್ಫೇಟ್ 68. 50 ಮೀಟರ್ ಕೆಳಗೆ ಕ್ಲೋರೈಡ್ ಅಷ್ಟೇ ಇದೆ, ಸಲ್ಫೈಡ್ ಕೇವಲ 0.1ಕ್ಕೆ ಇಳಿದಿದೆ, ಸಲ್ಫೇಟ್ ಮಾತ್ರ 71.

ಒಂದು ಮಿಲಿಗ್ರಾಂ ಗಂಧಕ ಸಲ್ಫೇಟ್ ಆದರೆ ಅದರ ತೂಕ ಮೂರು ಮಿಲಿಗ್ರಾಂ ಆಗುತ್ತದೆ. ಹೋದ ಸಲ್ಫೈಡ್ ಎಲ್ಲವೂ ಸಲ್ಫೇಟ್ ಆಗಿದ್ದರೆ ಸುಮಾರು 15 ಮಿಲಿಗ್ರಾಂ ಏರಬೇಕಿತ್ತು, ಏರಿದ್ದು 3.5. ಉಳಿದ ಗಂಧಕ ಎಲ್ಲಿದೆ? ಆ ಬಿಳುಪೇ ಅದಕ್ಕೆ ಉತ್ತರವೇ? ಕಲ್ಲಿನ ಮೇಲಿನ ಬಿಳಿ ಎಳೆಗಳು ಈ ಬದಲಾವಣೆಗೆ ಕಾರಣವೋ, ಅದರ ಫಲವೋ?

ಉತ್ತರ: ಜಲರಸಾಯನ

ನೀರೊರತೆ ಅವರೇ, ಕ್ಲೋರೈಡನ್ನು ಅಳೆದು ಬೆರಕೆಯ ಪಾಲನ್ನು ಮೊದಲೇ ಕಂಡುಕೊಂಡಿರುವುದು ತುಂಬ ಒಳ್ಳೆಯ ಕೆಲಸ. ಕ್ಲೋರೈಡ್ ಯಾವ ಕ್ರಿಯೆಯಲ್ಲೂ ತೊಡಗದೆ ನೀರಿನ ಜೊತೆ ಸುಮ್ಮನೆ ಸಾಗುವುದರಿಂದ, ಅದರ ಅಳತೆಯಿಲ್ಲದೆ ಸಲ್ಫೈಡ್ ಇಳಿದದ್ದು ಕ್ರಿಯೆಯಿಂದಲೋ ತೆಳುವಾದುದರಿಂದಲೋ ಎಂದು ಹೇಳಲಾಗುವುದಿಲ್ಲ. ಈ ಒಂದು ಅಳತೆ ಇಲ್ಲದ ಕಾರಣ ವ್ಯರ್ಥವಾದ ಎಷ್ಟೋ ಬುಗ್ಗೆಗಳ ಲೆಕ್ಕಗಳನ್ನು ನೋಡಿ ನನಗೆ ಬೇಸರವಾಗಿದೆ.

ನಿಮ್ಮ ಮಡುವಿನ ಬಿಳುಪು ಧಾತುರೂಪದ ಗಂಧಕ, ಅಂದರೆ ಬೇರೆ ಯಾವುದರೊಡನೆಯೂ ಕೂಡದ ಬಿಡಿ ಗಂಧಕ. ಅದರ ಕಣಗಳು ಬರಿಗಣ್ಣಿಗೆ ಕಾಣದಷ್ಟು ಸಣ್ಣವಾಗಿದ್ದು ನೀರಿನಲ್ಲಿ ಕಲಿಲವಾಗಿ ತೇಲುತ್ತವೆ, ಬೆಳಕನ್ನು ಚದುರಿಸುತ್ತವೆ. ಕಣಗಳು ಬಹಳ ಸಣ್ಣವಾಗಿರುವ ತನಕ ನೀಲಿ ಬೆಳಕು ಹೆಚ್ಚು ಚದುರುವುದರಿಂದ ನೀರಿಗೆ ಆ ನೀಲಿಯ ಛಾಯೆ ಬರುತ್ತದೆ. ಕಣಗಳು ದೊಡ್ಡವಾದಂತೆ ಅದು ಅಚ್ಚ ಬಿಳಿಯಾಗುತ್ತದೆ. ಮೆಕ್ಸಿಕೊದ ತಬಾಸ್ಕೊ ರಾಜ್ಯದಲ್ಲಿರುವ ವಿಯಾ ಲುಸ್ ಗುಹೆಯಿಂದ ಹೊರಬರುವ ತೊರೆ ಹಾಲಿನಂತೆ ಕಾಣುವುದಕ್ಕೂ ಇದೇ ಕಾರಣ.

ಸಲ್ಫೈಡ್ ನೇರವಾಗಿ ಸಲ್ಫೇಟ್ ಆಗದೆ ನಡುದಾರಿಯಲ್ಲಿ ಏಕೆ ನಿಲ್ಲುತ್ತದೆ ಎಂಬುದನ್ನು ಆಮ್ಲಜನಕದ ಲೆಕ್ಕದಿಂದ ನೋಡೋಣ. ಇಲ್ಲಿ ನಮಗೆ ಒಂದು ಅನುಕೂಲವಿದೆ. ಗಂಧಕದ ಪರಮಾಣು ತೂಕ 32, ಆಮ್ಲಜನಕದ ಅಣುವಿನ ತೂಕವೂ 32, ಆದ್ದರಿಂದ ಮೋಲ್‌ಗಳ ಅನುಪಾತವೇ ಮಿಲಿಗ್ರಾಂಗಳ ಅನುಪಾತವಾಗುತ್ತದೆ. ಸಲ್ಫೈಡಿನಲ್ಲಿರುವ 1 ಮಿಲಿಗ್ರಾಂ ಗಂಧಕ ಧಾತುರೂಪಕ್ಕೆ ಬರಲು 0.5 ಮಿಲಿಗ್ರಾಂ ಆಮ್ಲಜನಕ ಸಾಕು. ಸಲ್ಫೈಡಿಗೂ ಸಲ್ಫೇಟಿಗೂ ನಡುವಿನ ರೂಪವಾದ ಥಯೋಸಲ್ಫೇಟ್ ಆಗಲು 1 ಮಿಲಿಗ್ರಾಂ ಬೇಕು, ಪೂರ್ತಿ ಉತ್ಕರ್ಷಣಗೊಂಡು ಸಲ್ಫೇಟ್ ಆಗಲು 2 ಮಿಲಿಗ್ರಾಂ ಬೇಕು. ಈಗ ನಿಮ್ಮ ಮಡುವಿಗೆ ಬನ್ನಿ. ಸಮಪಾಲು ಬೆರಕೆಯಲ್ಲಿ ಲೀಟರಿಗೆ 5 ಮಿಲಿಗ್ರಾಂ ಸಲ್ಫೈಡ್ ಗಂಧಕವೂ ತೊರೆಯಿಂದ ಬಂದ ಸುಮಾರು 4 ಮಿಲಿಗ್ರಾಂ ಆಮ್ಲಜನಕವೂ ಇರುತ್ತವೆ. ಸಲ್ಫೇಟ್ ಆಗಲು 10 ಮಿಲಿಗ್ರಾಂ ಆಮ್ಲಜನಕ ಬೇಕಿತ್ತು, ಅದು ಅಲ್ಲಿಲ್ಲ. ಧಾತುರೂಪಕ್ಕೆ 2.5 ಸಾಕಾಗಿತ್ತು, ಅಷ್ಟು ಇದೆ. ಸಲ್ಫೈಡ್ ಹೆಚ್ಚಿದ್ದು ಆಮ್ಲಜನಕ ಕಡಿಮೆಯಿರುವಲ್ಲಿ ಬಿಳುಪು ಹುಟ್ಟುವುದು ಈ ಲೆಕ್ಕಕ್ಕೆ ಸರಿಯಾಗಿಯೇ ಇದೆ. ಇದೇ ಬುಗ್ಗೆಯ ಒಂದು ಪಾಲು ತೊರೆಯ ಒಂಬತ್ತು ಪಾಲಿನೊಡನೆ ಒಮ್ಮೆಗೇ ಬೆರೆತಿದ್ದರೆ ಸಲ್ಫೈಡ್ 1 ಮಿಲಿಗ್ರಾಂ ಇರುತ್ತಿತ್ತು, ಆಮ್ಲಜನಕ 7ಕ್ಕಿಂತ ಹೆಚ್ಚಿರುತ್ತಿತ್ತು, ಆಗ ಬಿಳುಪು ಬಹುಶಃ ಕಾಣುತ್ತಲೇ ಇರಲಿಲ್ಲ. ಬುಗ್ಗೆ ಅದೇ, ತೊರೆ ಅದೇ ಆಗಿದ್ದರೂ ಬೆರೆಯುವ ಪಾಲು ಬೇರೆಯಾದರೆ ಗಂಧಕ ಹಿಡಿಯುವ ದಾರಿಯೂ ಬೇರೆಯಾಗುತ್ತದೆ.

ಪಿಎಚ್ ಮೇಲೂ ಕಣ್ಣಿಡಿ. ಗಂಧಕ ಧಾತುರೂಪಕ್ಕೆ ಬರುವ ಕ್ರಿಯೆ ಆಮ್ಲವನ್ನು ಹುಟ್ಟಿಸುವುದಿಲ್ಲ, ಬದಲಿಗೆ ನೀರಿನ ಪಿಎಚ್ ಅನ್ನು ತುಸು ಮೇಲಕ್ಕೆತ್ತುತ್ತದೆ. ಸಲ್ಫೇಟ್ ತನಕ ಹೋಗುವ ಕ್ರಿಯೆ ಆಮ್ಲವನ್ನು ಕೊಡುತ್ತದೆ. ಬೈಕಾರ್ಬನೇಟ್ ಹೇರಳವಾಗಿರುವ ನೀರಿನಲ್ಲಿ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ. ಜೊತೆಗೆ ಇಂಗಾಲದ ಡೈಆಕ್ಸೈಡ್ ಗಾಳಿಗೆ ಬಿಡುಗಡೆಯಾಗುವುದರಿಂದಲೂ ಪಿಎಚ್ ಏರುವುದರಿಂದ, ಪಿಎಚ್ ಒಂದನ್ನೇ ನೋಡಿ ತೀರ್ಮಾನಿಸಬೇಡಿ.

ಹಾಗೆಯೇ ವಾಸನೆ ಹೋಯಿತೆಂದು ಗಂಧಕ ಹೋಯಿತೆಂದು ತಿಳಿಯಬಾರದು. ವಾಸನೆ ಇರುವುದು ಹೈಡ್ರೋಜನ್ ಸಲ್ಫೈಡ್ ಅನಿಲಕ್ಕೆ ಮಾತ್ರ. ಪಿಎಚ್ 7ರ ಸುಮಾರಿನಲ್ಲಿ ಸಲ್ಫೈಡಿನ ಅರ್ಧದಷ್ಟು ಆ ಅನಿಲರೂಪದಲ್ಲಿಯೂ ಉಳಿದರ್ಧ ಬೈಸಲ್ಫೈಡ್ ಅಯಾನಾಗಿಯೂ ಇರುತ್ತದೆ. ಪಿಎಚ್ 6ರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಅನಿಲವಾದರೆ, 8ರಲ್ಲಿ ಹತ್ತರಲ್ಲಿ ಒಂದೇ ಪಾಲು. ಅಯಾನು ಗಾಳಿಗೆ ಹಾರುವುದಿಲ್ಲ, ಅನಿಲ ಹಾರುತ್ತದೆ. ನಿಮ್ಮ ಲೆಕ್ಕದಲ್ಲಿ ಕಾಣೆಯಾದ ಒಂದು ಪಾಲು ಕಲ್ಲುಗಳ ಮೇಲೆ ನೀರು ಚಿಮ್ಮುವಾಗ ಗಾಳಿಗೆ ಸೇರಿರಲೇಬೇಕು.

ನನ್ನ ಒಂದು ಅನುಮಾನವನ್ನೂ ಹೇಳಿಬಿಡುತ್ತೇನೆ. ಬೇರೆ ಯಾವ ನೆರವೂ ಇಲ್ಲದೆ ಸಲ್ಫೈಡ್ ಮತ್ತು ಆಮ್ಲಜನಕ ತಾವಾಗಿಯೇ ವರ್ತಿಸುವುದು ನಿಧಾನ. ಗಾಳಿ ತುಂಬಿದ ಶುದ್ಧ ನೀರಿನಲ್ಲಿ, ಪಿಎಚ್ 8 ಮತ್ತು 25 ಡಿಗ್ರಿಯಲ್ಲಿ, ಸಲ್ಫೈಡ್ ಅರ್ಧಕ್ಕಿಳಿಯಲು ಸುಮಾರು 50 ಗಂಟೆಗಳೂ ಸಮುದ್ರದ ನೀರಿನಲ್ಲಿ ಸುಮಾರು 26 ಗಂಟೆಗಳೂ ಹಿಡಿಯುತ್ತವೆ ಎಂದು 1987ರಲ್ಲಿ ಪ್ರಕಟವಾದ ಅಳತೆಗಳು ತೋರಿಸಿವೆ. ನಿಮ್ಮ ಮಡುವಿನಲ್ಲಿ ನೀರು ಎಷ್ಟು ಹೊತ್ತು ನಿಲ್ಲುತ್ತದೆ? ಗಂಟೆಗಟ್ಟಲೆ ನಿಲ್ಲದಿದ್ದರೆ, ಕಬ್ಬಿಣ, ಮ್ಯಾಂಗನೀಸ್‌ಗಳಂತಹ ಲೋಹಗಳೋ ಬ್ಯಾಕ್ಟೀರಿಯಾಗಳೋ ಕ್ರಿಯೆಯನ್ನು ಚುರುಕುಗೊಳಿಸುತ್ತಿವೆ ಎಂದೇ ಅರ್ಥ.

ಉತ್ತರ: ಬಿಳಿಎಳೆ

ಜಲರಸಾಯನ ಅವರ ಕೊನೆಯ ಅನುಮಾನದಿಂದಲೇ ನಾನು ಆರಂಭಿಸುತ್ತೇನೆ, ಏಕೆಂದರೆ ಕಲ್ಲಿನ ಮೇಲಿನ ಆ ಎಳೆಗಳು ಅದಕ್ಕೆ ಉತ್ತರ ಕೊಡುತ್ತಿವೆ ಎಂದು ನನಗೆ ಅನ್ನಿಸುತ್ತದೆ. ಕಾರಣವೋ ಫಲವೋ ಎಂದು ನೀವು ಕೇಳಿದ್ದೀರಿ. ಅವು ಎರಡೂ ಹೌದು.

ಆ ಎಳೆಗಳು ಸಲ್ಫೈಡನ್ನು ಉತ್ಕರ್ಷಿಸಿ ಬದುಕುವ ಬ್ಯಾಕ್ಟೀರಿಯಾಗಳು. ನಮ್ಮಂತೆ ಆಹಾರವನ್ನೋ ಗಿಡಗಳಂತೆ ಬೆಳಕನ್ನೋ ನೆಚ್ಚಿಕೊಳ್ಳದೆ, ಸಲ್ಫೈಡಿನಿಂದ ಆಮ್ಲಜನಕಕ್ಕೆ ಎಲೆಕ್ಟ್ರಾನುಗಳನ್ನು ಸಾಗಿಸುವಾಗ ಸಿಗುವ ಶಕ್ತಿಯಿಂದಲೇ ಜೀವನ ನಡೆಸುತ್ತವೆ. ಇಂತಹ ಬದುಕು ಸಾಧ್ಯ ಎಂಬುದೇ ಮೊದಲು ಗೊತ್ತಾದದ್ದು ಇವುಗಳಿಂದ. 1887ರಲ್ಲಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಅವರು ಬೆಗಿಯಾಟೋವ ಎಂಬ ಎಳೆಯಾಕಾರದ ಬ್ಯಾಕ್ಟೀರಿಯಾಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಸಲ್ಫೈಡ್ ಕೊಟ್ಟಾಗ ಜೀವಕೋಶದೊಳಗೆ ಗಂಧಕದ ಹರಳುಗಳು ತುಂಬಿಕೊಳ್ಳುವುದನ್ನೂ ಕೊಡದಿದ್ದಾಗ ಅವು ಕರಗಿ ಸಲ್ಫೇಟ್ ಆಗುವುದನ್ನೂ ತೋರಿಸಿದರು. ನಿಮ್ಮ ಪ್ರಶ್ನೆಗೆ ಇದು ನೇರವಾಗಿ ಸಂಬಂಧಿಸಿದೆ. ಈ ಎಳೆಗಳು ಗಂಧಕದ ಕಣಜಗಳು. ನೀರು ಹರಿದುಹೋಗುತ್ತದೆ, ಗಂಧಕ ಕಲ್ಲಿನ ಮೇಲೆ, ಜೀವಕೋಶಗಳ ಒಳಗೆ ಕೂಡಿಟ್ಟಿರುತ್ತದೆ. ನೀರಿನ ಮಾದರಿಯೊಂದನ್ನೇ ಪರೀಕ್ಷಿಸುವವರಿಗೆ ಅದು ಎಂದೂ ಸಿಗುವುದಿಲ್ಲ.

ಯಾವ ಬ್ಯಾಕ್ಟೀರಿಯಾ ಎಂಬುದನ್ನು ಸೂಕ್ಷ್ಮದರ್ಶಕವಿಲ್ಲದೆ ಖಚಿತವಾಗಿ ಹೇಳಲಾಗದಿದ್ದರೂ ನೀರಿನ ವೇಗ ಒಂದು ಸುಳಿವು ಕೊಡುತ್ತದೆ. ಬೆಗಿಯಾಟೋವ ಎಲ್ಲಿಯೂ ಅಂಟಿಕೊಳ್ಳದೆ ಜಾರುತ್ತ ಚಲಿಸುವ ಜೀವಿ. ಕೆಳಗಿನಿಂದ ಸಲ್ಫೈಡ್, ಮೇಲಿನಿಂದ ಆಮ್ಲಜನಕ ಬಂದು ಸಂಧಿಸುವ ತೆಳುವಾದ ಪದರವನ್ನು ಹುಡುಕಿಕೊಂಡು ಅಲ್ಲಿಯೇ ನೆಲೆಸುತ್ತದೆ, ಆದ್ದರಿಂದ ಶಾಂತವಾದ ಕೆಸರಿನ ಮೇಲೆ ಬಿಳಿಯ ಜಮಖಾನೆಯಂತೆ ಹರಡುತ್ತದೆ. ಥಯೋಥ್ರಿಕ್ಸ್ ಎಂಬ ಇನ್ನೊಂದು ಎಳೆಯಾಕಾರದ ಬ್ಯಾಕ್ಟೀರಿಯಾ ತನ್ನ ಒಂದು ತುದಿಯನ್ನು ಕಲ್ಲಿಗೆ ಅಂಟಿಸಿಕೊಂಡು ಹರಿಯುವ ನೀರಿನಲ್ಲಿ ಎಳೆಗಳನ್ನು ತೇಲಿಬಿಡುತ್ತದೆ. ಇಟಲಿಯ ಫ್ರಸಾಸ್ಸಿ ಗುಹೆಗಳಲ್ಲಿ, ಗಂಧಕದ ಅಂತರ್ಜಲ ಮೇಲಿನಿಂದ ಇಳಿಯುವ ಆಮ್ಲಜನಕಯುಕ್ತ ನೀರನ್ನು ಕೂಡುವಲ್ಲಿ ನಡೆದ ಅಧ್ಯಯನಗಳಲ್ಲಿ ಇದು ಸೊಗಸಾಗಿ ಕಂಡುಬಂದಿದೆ. ಅಲ್ಲಿ ಹರಿವು ನಿಧಾನವಾದ ಕೆಸರಿನ ಮೇಲೆ ಬೆಗಿಯಾಟೋವ ಇದೆ. ರಭಸದ ಹರಿವಿನಲ್ಲಿ, ಆಮ್ಲಜನಕಕ್ಕೆ ಹೋಲಿಸಿದರೆ ಸಲ್ಫೈಡ್ ಕಡಿಮೆಯಿರುವ ಕಡೆ ಥಯೋಥ್ರಿಕ್ಸ್ ಇದೆ. ಅದೇ ರಭಸದಲ್ಲಿ ಸಲ್ಫೈಡಿನ ಪಾಲು ಬಹಳ ಹೆಚ್ಚಿರುವ ಕಡೆ ಎಪ್ಸಿಲಾನ್ ಪ್ರೋಟಿಯೋಬ್ಯಾಕ್ಟೀರಿಯಾ ಗುಂಪಿನ ಎಳೆಗಳಿವೆ. ನಿಮ್ಮ ಕಿಂಡಿಯ ಕಲ್ಲುಗಳ ಮೇಲಿರುವುದು ಥಯೋಥ್ರಿಕ್ಸ್ ಇರಬಹುದೆಂದು ನನ್ನ ಊಹೆ.

ಕಪ್ಪು ಕೆಸರಿನಲ್ಲಿ ಕಬ್ಬಿಣದ ಸಲ್ಫೈಡ್ ಇರುತ್ತದೆ. ಅದರ ಕೆಳಗೆ ಆಮ್ಲಜನಕವೇ ಇಲ್ಲದಲ್ಲಿ ಮತ್ತೊಂದು ಗುಂಪಿನ ಬ್ಯಾಕ್ಟೀರಿಯಾಗಳು ಸಲ್ಫೇಟನ್ನು ಅಪಕರ್ಷಿಸಿ (ಅದರ ಆಮ್ಲಜನಕವನ್ನು ಕಿತ್ತು) ಮತ್ತೆ ಸಲ್ಫೈಡ್ ಮಾಡುತ್ತಿರುತ್ತವೆ. ಇನ್ನು ಕೆಲವು, ಧಾತುರೂಪದ ಗಂಧಕವನ್ನೇ ಎರಡಾಗಿ ಒಡೆದು ಒಂದಷ್ಟನ್ನು ಸಲ್ಫೈಡ್ ಆಗಿಯೂ ಒಂದಷ್ಟನ್ನು ಸಲ್ಫೇಟ್ ಆಗಿಯೂ ಮಾರ್ಪಡಿಸುತ್ತವೆ. ಹೀಗಾಗಿ ಮಡುವಿನಲ್ಲಿ ಗಂಧಕ ಒಂದೇ ದಿಕ್ಕಿನಲ್ಲಿ ಸಾಗುವುದಿಲ್ಲ. ಅದು ಅಲ್ಲಿಯೇ ಹಲವು ಬಾರಿ ಸುತ್ತುತ್ತದೆ.

ಒಂದು ಕೋರಿಕೆ: ಆ ಬಿಳಿ ಎಳೆಗಳನ್ನು ಕೊಳಕೆಂದು ಭಾವಿಸಿ ಯಾರೂ ಉಜ್ಜಿ ತೆಗೆಯದಂತೆ ನೋಡಿಕೊಳ್ಳಿ. ರೊಮೇನಿಯಾದಲ್ಲಿ 1986ರಲ್ಲಿ ಬೆಳಕಿಗೆ ಬಂದ ಮೊವಿಲೆ ಗುಹೆಯಲ್ಲಿ ಬಿಸಿಲೇ ಕಾಣದ ಜೀವಿಗಳ ಇಡೀ ಸಮುದಾಯ ಇಂತಹ ಬ್ಯಾಕ್ಟೀರಿಯಾ ಪದರಗಳನ್ನು ನೆಚ್ಚಿಕೊಂಡಿದೆ. ನಿಮ್ಮ ಮಡು ಅಷ್ಟು ಅಪರೂಪದ್ದಲ್ಲದಿರಬಹುದು, ಆದರೆ ಅಲ್ಲಿನ ಎಳೆಗಳು ಮಾಡುತ್ತಿರುವುದು ಅದೇ ಕೆಲಸ.

ಉತ್ತರ: ಮಾಪಕ

ಮೇಲಿನ ಎರಡೂ ಉತ್ತರಗಳನ್ನು ಒಪ್ಪುತ್ತೇನೆ. ಆದರೆ ಅವೆರಡೂ ನಿಮ್ಮ ಸಲ್ಫೇಟ್ ಅಂಕಿಗಳನ್ನು ನಂಬಿ ಬರೆದವು. ನನಗೆ ಆ ನಂಬಿಕೆ ಇನ್ನೂ ಬಂದಿಲ್ಲ. ಸಲ್ಫೇಟ್ ಪರೀಕ್ಷೆಗೆ ತೆಗೆದುಕೊಂಡ ನೀರನ್ನು ಯಾವ ಬಾಟಲಿಯಲ್ಲಿ, ಎಷ್ಟು ದಿನ, ಏನು ಬೆರೆಸಿ ಇಟ್ಟಿದ್ದಿರಿ ಎಂದು ದಯವಿಟ್ಟು ತಿಳಿಸಿ. ಸಲ್ಫೈಡನ್ನು ಯಾವ ವಿಧಾನದಲ್ಲಿ ಅಳೆದಿರಿ ಎಂಬುದೂ ಬೇಕು. ಅಯೋಡಿನ್ ವಿಧಾನವಾಗಿದ್ದರೆ ಥಯೋಸಲ್ಫೇಟ್ ಕೂಡ ಅಯೋಡಿನನ್ನು ತಿನ್ನುವುದರಿಂದ ಸಲ್ಫೈಡ್ ಇರುವುದಕ್ಕಿಂತ ಹೆಚ್ಚು ಎಂದು ತೋರುತ್ತದೆ.

ನೀರೊರತೆ:

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಜಲರಸಾಯನ ಅವರು ಕೇಳಿದ ಕಾಲಾವಧಿ: ಬುಗ್ಗೆಯ ಬಾಯಲ್ಲಿ ಬಣ್ಣ ಬಿಟ್ಟು ನೋಡಿದಾಗ ಕಿಂಡಿಯಲ್ಲಿ ಅದು ಅತ್ಯಂತ ಗಾಢವಾಗಿ ಕಂಡದ್ದು ಸುಮಾರು 20 ನಿಮಿಷಗಳ ನಂತರ. ಕಿಂಡಿಯಿಂದ 50 ಮೀಟರ್ ಸಾಗಲು 4 ನಿಮಿಷ ಸಾಕು.

ಮಾಪಕ ಅವರೇ, ಸಲ್ಫೈಡನ್ನು ಮೆಥಿಲೀನ್ ನೀಲಿ ವಿಧಾನದಲ್ಲಿ, ಸ್ಥಳದಲ್ಲಿಯೇ ಸತುವಿನ ಅಸಿಟೇಟ್ ಹಾಕಿ ಹಿಡಿದಿಟ್ಟು ಅಳೆದಿದ್ದೇನೆ. ಆದರೆ ಸಲ್ಫೇಟ್ ಮಾದರಿಗಳನ್ನು ಪ್ಲಾಸ್ಟಿಕ್ ಬಾಟಲಿಗಳಲ್ಲಿ, ಏನನ್ನೂ ಬೆರೆಸದೆ, ಬಾಯಿಯ ತನಕ ತುಂಬದೆ ತಂದಿದ್ದೆ. ಅವುಗಳ ಪರೀಕ್ಷೆ ನಡೆದದ್ದು ನಾಲ್ಕು ದಿನಗಳ ನಂತರ. ಸಲ್ಫೇಟ್ ಕೆಡುವ ವಸ್ತುವಲ್ಲ ಎಂದುಕೊಂಡಿದ್ದೆ.

ಮಾಪಕ:

ಸಲ್ಫೇಟ್ ಕೆಡುವುದಿಲ್ಲ, ನಿಜ. ಆದರೆ ಬಾಟಲಿಯಲ್ಲಿ ಅದರ ಜೊತೆಗಿದ್ದ ಸಲ್ಫೈಡ್ ಗಾಳಿಯೊಡನೆ ನಾಲ್ಕು ದಿನ ಇದ್ದು ಸಲ್ಫೇಟ್ ಆಗುತ್ತದೆ. ಬುಗ್ಗೆಯ ಬಾಯಿಯ ಮಾದರಿಯಲ್ಲಿ 10 ಮಿಲಿಗ್ರಾಂ ಸಲ್ಫೈಡ್ ಇತ್ತು, ಅದರಿಂದ 30 ಮಿಲಿಗ್ರಾಂ ತನಕ ಸಲ್ಫೇಟ್ ಹುಟ್ಟಬಹುದು. ನೀವು 120 ಎಂದು ಬರೆದುಕೊಂಡದ್ದರಲ್ಲಿ ನೆಲದಿಂದ ಬಂದದ್ದೆಷ್ಟು, ಬಾಟಲಿಯಲ್ಲಿ ಹುಟ್ಟಿದ್ದೆಷ್ಟು ಎಂದು ಈಗ ಹೇಳಲಾಗದು. ಈ ತಪ್ಪು ಎಲ್ಲ ಮಾದರಿಗಳಲ್ಲೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ ಎಂಬುದು ಹೆಚ್ಚು ತೊಂದರೆಯ ಸಂಗತಿ. ಸಲ್ಫೈಡ್ ಹೆಚ್ಚಿದ್ದ ಬುಗ್ಗೆಯ ಮಾದರಿ ಹೆಚ್ಚು ಉಬ್ಬುತ್ತದೆ, ಸಲ್ಫೈಡ್ ಇಲ್ಲದ ತೊರೆಯ ಮಾದರಿ ಉಬ್ಬುವುದೇ ಇಲ್ಲ. ಹಾಗಾಗಿ ಬೆರಕೆಯಲ್ಲಿ ಇರಬೇಕಿತ್ತು ಎಂದು ನೀವು ಲೆಕ್ಕ ಹಾಕಿದ 67.5 ಕೂಡ ಉಬ್ಬಿದ ಅಂಕಿಯೇ. ನಿಜವಾದ ಏರಿಕೆ ಅದರ ಕೆಳಗೆ ಮುಚ್ಚಿಹೋಗಿದೆ.

ಮತ್ತೊಮ್ಮೆ ಮಾದರಿ ತೆಗೆಯಿರಿ. ಬಾಟಲಿ ಗಾಜಿನದಾಗಿರಲಿ. ಅದರಲ್ಲಿ ಸತುವಿನ ಅಸಿಟೇಟ್ ಮೊದಲೇ ಇರಲಿ, ಸಿರಿಂಜಿನಿಂದ ನೀರನ್ನು ತಳದಲ್ಲಿ ನಿಧಾನವಾಗಿ ಬಿಟ್ಟು ಗುಳ್ಳೆಯಿಲ್ಲದಂತೆ ಬಾಯಿಯ ತನಕ ತುಂಬಿಸಿ ಮುಚ್ಚಿ. ಸಲ್ಫೈಡ್ ಸತುವಿನ ಸಲ್ಫೈಡ್ ಆಗಿ ಕೆಳಗೆ ಕೂರುತ್ತದೆ, ಸೋಸಿದ ನೀರಿನಲ್ಲಿ ಸಲ್ಫೇಟ್ ಮತ್ತು ಥಯೋಸಲ್ಫೇಟ್ ಉಳಿಯುತ್ತವೆ, ಅವನ್ನು ಕರಗಿದ ಅಯಾನುಗಳನ್ನು ಬೇರ್ಪಡಿಸುವ ಅಯಾನ್ ಕ್ರೊಮಟೋಗ್ರಫಿ ವಿಧಾನದಲ್ಲಿ ಬೇರೆಬೇರೆಯಾಗಿ ಅಳೆಯಬಹುದು. ಧಾತುರೂಪದ ಗಂಧಕ ಸೋಸುಕಾಗದದ ಮೇಲೆ ನಿಲ್ಲುತ್ತದೆ. ಅದನ್ನು ಸಾವಯವ ದ್ರಾವಕದಲ್ಲಿ ಕರಗಿಸಿ ಅಳೆಯುವ ಸೌಲಭ್ಯ ಹತ್ತಿರದ ಕಾಲೇಜಿನ ಪ್ರಯೋಗಾಲಯದಲ್ಲಿ ಇದೆಯೇ ಎಂದು ವಿಚಾರಿಸಿ. ಕಲಿಲದ ಕಣಗಳು ಬಹಳ ಸಣ್ಣವಾದ್ದರಿಂದ 0.45 ಮೈಕ್ರೋಮೀಟರ್ ಸೋಸುಕದ ಬದಲು 0.2 ಅಥವಾ ಅದಕ್ಕಿಂತ ಚಿಕ್ಕ ರಂಧ್ರದ್ದನ್ನು ಬಳಸಿ. ಮಾದರಿಗೆ ಆಮ್ಲ ಮಾತ್ರ ಬೇಡ, ಏಕೆಂದರೆ ಆಮ್ಲದಲ್ಲಿ ಥಯೋಸಲ್ಫೇಟ್ ಒಡೆದು ಗಂಧಕವಾಗಿ ಬೀಳುತ್ತದೆ, ಆಗ ಲೆಕ್ಕ ಮತ್ತೆ ಕಲಸಿಹೋಗುತ್ತದೆ.

ಮತ್ತೊಂದು ಮಾತು. ಮಡುವಿನ ಬಳಿ ಒಬ್ಬರೇ ಬಗ್ಗಿ ಕೂರಬೇಡಿ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರವಾದ್ದರಿಂದ ಗಾಳಿಯಾಡದ ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಹತ್ತು ಲಕ್ಷದಲ್ಲಿ 100 ಭಾಗದ ಸುಮಾರಿಗೆ ಏರಿದರೆ ಮೂಗು ಅದನ್ನು ಗ್ರಹಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ವಾಸನೆ ನಿಂತಿತು ಎಂಬುದು ಅಲ್ಲಿ ಸಮಾಧಾನದ ಸುದ್ದಿಯಲ್ಲ.

ನೀರೊರತೆ (ಮೂರು ವಾರಗಳ ನಂತರ):

ಮಾಪಕ ಅವರು ಹೇಳಿದಂತೆ ಗೆಳೆಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ಎಲ್ಲ ಮಾದರಿಗಳನ್ನೂ ಮತ್ತೆ ತೆಗೆದೆ. ಒಂದು ಕಾಲೇಜಿನ ಪ್ರಯೋಗಾಲಯದವರು ಪ್ರೀತಿಯಿಂದ ಪರೀಕ್ಷೆ ಮಾಡಿಕೊಟ್ಟರು. ಬುಗ್ಗೆಯ ಬಾಯಿಯ ಸಲ್ಫೇಟ್ 120 ಅಲ್ಲ, 104. ಕ್ಲೋರೈಡ್ ಮತ್ತು ಸಲ್ಫೈಡ್ ಹಿಂದಿನಷ್ಟೇ ಇವೆ. ಆದ್ದರಿಂದ ಸಮಪಾಲು ಬೆರಕೆಯಲ್ಲಿ ಸಲ್ಫೇಟ್ 59.5 ಇರಬೇಕು.

ಕಿಂಡಿಯಲ್ಲಿ ಸಲ್ಫೇಟ್ 61 ಸಿಕ್ಕಿತು, ಅಂದರೆ 1.5 ಏರಿಕೆ, ಗಂಧಕದ ತೂಕದಲ್ಲಿ 0.5. ಉಳಿದವನ್ನೂ ಗಂಧಕದ ತೂಕದಲ್ಲಿಯೇ ಹೇಳುತ್ತೇನೆ: ಸಲ್ಫೈಡ್ 2.0, ಥಯೋಸಲ್ಫೇಟ್ 0.6, ಧಾತುರೂಪದ ಗಂಧಕ 1.4. ಒಟ್ಟು 4.5 ಆಯಿತು, ಇರಬೇಕಾದ 5ರಲ್ಲಿ 0.5 ಮಾತ್ರ ಕಡಿಮೆ. 50 ಮೀಟರ್ ಕೆಳಗೆ ಸಲ್ಫೇಟ್ 65.5, ಅಂದರೆ ಗಂಧಕದ ತೂಕದಲ್ಲಿ 2.0 ಏರಿಕೆ. ಅಲ್ಲಿ ಸಲ್ಫೈಡ್ 0.1, ಥಯೋಸಲ್ಫೇಟ್ 0.7, ಧಾತುರೂಪದ ಗಂಧಕ 0.6, ಒಟ್ಟು 3.4. ಇಲ್ಲಿ 1.6 ಮಿಲಿಗ್ರಾಂ ಲೆಕ್ಕಕ್ಕೆ ಸಿಗುತ್ತಿಲ್ಲ.

ಜಲರಸಾಯನ ಅವರ ಆಮ್ಲಜನಕದ ಲೆಕ್ಕವನ್ನು ಕಿಂಡಿಯ ಅಂಕಿಗಳಿಗೆ ಹಾಕಿ ನೋಡಿದೆ. ಧಾತುರೂಪದ ಗಂಧಕಕ್ಕೆ 0.7, ಥಯೋಸಲ್ಫೇಟಿಗೆ 0.6, ಸಲ್ಫೇಟಿಗೆ 1.0, ಒಟ್ಟು 2.3 ಮಿಲಿಗ್ರಾಂ ಆಮ್ಲಜನಕ ಖರ್ಚಾಗಿರಬೇಕು. ಬೆರಕೆಯಲ್ಲಿದ್ದ 4 ಮಿಲಿಗ್ರಾಮಿನಲ್ಲಿ ಅದನ್ನು ಕಳೆದರೆ 1.7 ಉಳಿಯಬೇಕು. ನನ್ನ ಆಮ್ಲಜನಕ ಅಳೆಯುವ ಉಪಕರಣದಲ್ಲಿ 2.1 ಬಂತು. ಇಷ್ಟು ಹತ್ತಿರ ಬಂದದ್ದನ್ನು ಕಂಡು ನನಗಾದ ಸಂತೋಷವನ್ನು ಇಲ್ಲಿ ಹೇಳಿಕೊಳ್ಳದಿರಲಾರೆ. ಹೆಚ್ಚಿಗೆ ಉಳಿದ 0.4 ಮಡುವಿನ ಮೇಲ್ಮೈಯಿಂದ ಗಾಳಿಯ ಮೂಲಕ ಬಂದದ್ದೆಂದು ಭಾವಿಸಬಹುದೇ?

ಜಲರಸಾಯನ:

ಭಾವಿಸಬಹುದು. ಉಪಕರಣಕ್ಕೂ ಒಂದೆರಡು ದಶಾಂಶದಷ್ಟು ದೋಷವಿದ್ದೇ ಇರುತ್ತದೆ, ಆದ್ದರಿಂದ ಆ 0.4ಕ್ಕೆ ಹೆಚ್ಚಿನ ಅರ್ಥ ಕೊಡುವುದು ಬೇಡ. ಮಾಪಕ ಅವರ ಪ್ರಶ್ನೆ ನನ್ನ ಉತ್ತರವನ್ನೂ ತಿದ್ದಿದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಸಲ್ಫೇಟ್ ಹೆಚ್ಚುಕಡಿಮೆ ಹುಟ್ಟುತ್ತಲೇ ಇಲ್ಲ ಎಂಬ ಧಾಟಿಯಲ್ಲಿ ನಾನು ಬರೆದಿದ್ದೆ. 50 ಮೀಟರ್ ಮುಗಿಯುವಷ್ಟರಲ್ಲಿ ಹೊರಟ ಸಲ್ಫೈಡಿನ ಐದರಲ್ಲಿ ಎರಡು ಪಾಲು ಸಲ್ಫೇಟ್ ಆಗಿದೆ. ಮಡುವಿನಲ್ಲಿ ಆಮ್ಲಜನಕದ ಕೊರತೆಯಿಂದ ಗಂಧಕ ನಡುದಾರಿಯಲ್ಲಿ ನಿಂತಿತ್ತು. ಕಲ್ಲುಗಳ ಮೇಲೆ ಚಿಮ್ಮುವಾಗ ಹೊಸ ಆಮ್ಲಜನಕ ಸಿಕ್ಕಿ ಅದು ಮುಂದೆ ಸಾಗಿದೆ. ಮಡು ಮತ್ತು ಹರಿವು ಎರಡು ಬೇರೆ ಪಾತ್ರೆಗಳಂತೆ ಕೆಲಸ ಮಾಡುತ್ತಿವೆ.

20 ನಿಮಿಷದ ಅಳತೆಯೂ ಮಹತ್ವದ್ದು. ಗಂಟೆಗಟ್ಟಲೆ ಹಿಡಿಯಬೇಕಾದ ಕ್ರಿಯೆಯ ದೊಡ್ಡ ಭಾಗ 20 ನಿಮಿಷದಲ್ಲಿ ಮುಗಿದಿದೆ. 4 ನಿಮಿಷದ ಹರಿವಿನಲ್ಲಿ ಸಲ್ಫೇಟ್ ಇನ್ನೂ ಬೇಗ ಏರಿದೆ, ಅದೂ ಎಳೆಗಳು ದಟ್ಟವಾಗಿರುವ ಕಲ್ಲುಗಳ ಮೇಲೆಯೇ. ಬಿಳಿಎಳೆ ಅವರ ಮಾತಿಗೆ ಇದಕ್ಕಿಂತ ಬಲವಾದ ಸಾಕ್ಷಿಯನ್ನು ನೀರಿನ ಅಂಕಿಗಳಿಂದ ನಾನು ನಿರೀಕ್ಷಿಸಿರಲಿಲ್ಲ.

ಬಿಳಿಎಳೆ:

ಇದನ್ನು ನೇರವಾಗಿಯೇ ಪರೀಕ್ಷಿಸಬಹುದು. ಬುಗ್ಗೆಯ ನೀರನ್ನೂ ತೊರೆಯ ನೀರನ್ನೂ 0.2 ಮೈಕ್ರೋಮೀಟರ್ ಸೋಸುಕದಲ್ಲಿ ಬೇರೆಬೇರೆಯಾಗಿ ಸೋಸಿ, ಸಮಪಾಲಾಗಿ ಬೆರೆಸಿ, ಗಾಜಿನ ಬಾಟಲಿಯಲ್ಲಿ ಗುಳ್ಳೆಯಿಲ್ಲದಂತೆ ತುಂಬಿ ಮುಚ್ಚಿಡಿ. ಪಕ್ಕದಲ್ಲಿ ಸೋಸದ ನೀರಿನ ಅದೇ ಬೆರಕೆಯನ್ನು ಇನ್ನೊಂದು ಬಾಟಲಿಯಲ್ಲಿಯೂ, ಎಳೆಯಂಟಿದ ಒಂದು ಸಣ್ಣ ಕಲ್ಲಿನ ಜೊತೆ ಮೂರನೆಯದರಲ್ಲಿಯೂ ಇಡಿ. 20 ನಿಮಿಷಗಳ ನಂತರ ಮೂರರಲ್ಲೂ ಸಲ್ಫೈಡ್ ಅಳೆಯಿರಿ. ಸೋಸಿದ ಬಾಟಲಿಯಲ್ಲಿಯೂ ಸಲ್ಫೈಡ್ ಬೇಗ ಇಳಿದರೆ ಕರಗಿದ ಲೋಹಗಳ ಕೈವಾಡವಿದೆ, ಕಲ್ಲಿರುವ ಬಾಟಲಿಯಲ್ಲಿ ಮಾತ್ರ ಇಳಿದರೆ ಎಳೆಗಳದ್ದು. ಸೋಸುವಾಗ ಬುಗ್ಗೆಯ ನೀರಿಗೆ ಗಾಳಿ ತಾಗದಂತೆ ಸಿರಿಂಜಿನಲ್ಲಿಯೇ ಸೋಸಬೇಕು.

ಮಾಪಕ:

ಉಳಿದ 1.6 ಮಿಲಿಗ್ರಾಂ ಗಾಳಿಗೆ ಹೋಯಿತೋ ಕಲ್ಲಿನ ಮೇಲೆ ಉಳಿಯಿತೋ ಎಂಬುದನ್ನು ಬಿಡಿಸಲು ಎರಡು ಅಳತೆಗಳು ಬೇಕು. ತೇಲುವ ಚೌಕಟ್ಟಿನ ಮೇಲೆ ಒಂದು ಡಬ್ಬಿಯನ್ನು ಬೋರಲಾಗಿ ಕೂರಿಸಿ, ಅದರೊಳಗೆ ಸತುವಿನ ಅಸಿಟೇಟ್ ದ್ರಾವಣದ ಚಿಕ್ಕ ಬಟ್ಟಲನ್ನು ನೀರಿಗೆ ತಾಗದಂತೆ ತೂಗಿಬಿಟ್ಟು, ನಿಗದಿತ ಹೊತ್ತು ಮಡುವಿನಲ್ಲಿಯೂ ಹರಿವಿನಲ್ಲಿಯೂ ಇರಿಸಿ. ನೀರಿನಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಆ ಬಟ್ಟಲಿನಲ್ಲಿ ಸಿಕ್ಕಿಬೀಳುತ್ತದೆ. ಅದನ್ನು ಮೆಥಿಲೀನ್ ನೀಲಿ ವಿಧಾನದಲ್ಲಿಯೇ ಅಳೆದು ನೀರಿನ ಮೇಲ್ಮೈ ವಿಸ್ತೀರ್ಣಕ್ಕೆ ಗುಣಿಸಬಹುದು. ಡಬ್ಬಿಯೊಳಗೆ ನೀರು ಚಿಮ್ಮುವುದಿಲ್ಲವಾದ್ದರಿಂದ ಹರಿವಿನಲ್ಲಿ ಸಿಗುವ ಅಂಕಿ ನಿಜಕ್ಕಿಂತ ಕಡಿಮೆಯೇ ಇರುತ್ತದೆ, ಅದನ್ನು ಕನಿಷ್ಠ ಅಂಕಿಯೆಂದು ಬರೆದುಕೊಳ್ಳಿ. ಎರಡನೆಯದಾಗಿ, ಒಂದು ಸ್ವಚ್ಛವಾದ ಕಲ್ಲನ್ನು ಕಿಂಡಿಯ ಬಳಿ ಎರಡು ವಾರ ಮುಳುಗಿಸಿಟ್ಟು, ಅದರ ಮೇಲೆ ಬೆಳೆದ ಎಳೆಗಳನ್ನು ಕೆರೆದು ಅವುಗಳಲ್ಲಿರುವ ಧಾತುರೂಪದ ಗಂಧಕವನ್ನು ಅಳೆಯಿರಿ. ಹೀಗೆ ಮಾಡಿದರೆ ಹಳೆಯ ಎಳೆಗಳನ್ನು ಕೀಳಬೇಕಾಗಿಲ್ಲ. ಎರಡು ವಾರಗಳಲ್ಲಿ ಇಷ್ಟು ವಿಸ್ತೀರ್ಣದಲ್ಲಿ ಇಷ್ಟು ಗಂಧಕ ಎಂಬ ಲೆಕ್ಕವೂ ಸಿಗುತ್ತದೆ.

ಕಪ್ಪು ಕೆಸರನ್ನು ಸದ್ಯಕ್ಕೆ ಲೆಕ್ಕದಿಂದ ಹೊರಗಿಡಿ. ಅದು ಕಿಂಡಿಗಿಂತ ಮೇಲೆ, ಮಡುವಿನಲ್ಲಿದೆ, ನಿಮ್ಮ ಕೊರತೆಯ ಬಹುಪಾಲು ಕಾಣುತ್ತಿರುವುದು ಕಿಂಡಿಯ ಕೆಳಗೆ.

ನೀರೊರತೆ:

ಎರಡನ್ನೂ ಮಾಡುತ್ತೇನೆ. ಮುಂದಿನ ಭೇಟಿಯಲ್ಲಿ ಮೂರು ಸ್ವಚ್ಛ ಕಲ್ಲುಗಳನ್ನು ಕಿಂಡಿಯಲ್ಲಿ, 10 ಮೀಟರ್ ಕೆಳಗೆ ಮತ್ತು 50 ಮೀಟರ್ ಕೆಳಗೆ ಇಟ್ಟು ಬರುತ್ತೇನೆ. ಎಳೆಗಳು ಎಲ್ಲಿ ಹೆಚ್ಚು ಬೆಳೆಯುತ್ತವೆ ಎಂಬುದೂ ಆಗ ತಿಳಿಯುತ್ತದೆ. ಅಂಕಿಗಳು ಕೈಗೆ ಬಂದ ಕೂಡಲೇ ಇಲ್ಲಿಯೇ ಬರೆಯುತ್ತೇನೆ.